ಸಾಲಿಗೊಂದು ಹೆಜ್ಜೆ

ಆ ವರ್ಷ ವಿಶ್ವವಿದ್ಯಾಲಯದ ಸಂಗೀತ ಸಂಯೋಜನಾ ವಿಭಾಗದವರು ಕೈ ಹಾಕಿದ್ದೆಲ್ಲ ಕೈಗೂಡುತ್ತಿತ್ತು. ಜೂನ್‌ನಲ್ಲಿ ಹಳೆಯ ವಿದ್ಯಾರ್ಥಿ ಬುದ್ಧಪ್ರಿಯನ ಕೃತಿಯೊಂದನ್ನು ಪುಣೆಯ ಉತ್ಸವದಲ್ಲಿ ನುಡಿಸಿದ್ದರು. ಜುಲೈನಲ್ಲಿ ಉಮೆಸಲ್ಮಾಳ ನಾಟಕ ಸಂಗೀತಕ್ಕೆ ರಾಜ್ಯಮಟ್ಟದ ಬಹುಮಾನ ಬಂತು. ಆಗಸ್ಟ್ ತಿಂಗಳು ಪರಿಮಳಾಳ ಪಾಲಿಗಿತ್ತು.

ಪರಿಮಳಾ ಹುಣಸಗಿ ಕಡೆಯ ಹುಡುಗಿ, ವಿಭಾಗದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿ. ಯುವ ಸಂಯೋಜಕರ ರಾಷ್ಟ್ರೀಯ ಸ್ಪರ್ಧೆಗೆ ಬಂದಿದ್ದ ಇನ್ನೂರ ಹನ್ನೊಂದು ಕೃತಿಗಳಲ್ಲಿ ಕೊನೆಯ ಸುತ್ತಿಗೆ ಉಳಿದವು ಐದು. ಅದರಲ್ಲಿ ಅವಳದೂ ಒಂದು. ಗೆದ್ದ ಕೃತಿಯನ್ನು ದಿಲ್ಲಿಯಲ್ಲಿ ನಲವತ್ತು ವಾದ್ಯಗಾರರ ಮೇಳ ನುಡಿಸುತ್ತದೆ. ಉಳಿದ ನಾಲ್ಕಕ್ಕೆ ಪ್ರಮಾಣಪತ್ರ.

ಶನಿವಾರ ಸಂಜೆ ನಾಲ್ಕಕ್ಕೆ ಮೂವರು ತೀರ್ಪುಗಾರರು ದಿಲ್ಲಿಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಕೇಳುವವರಿದ್ದರು. ಒಂದೇ ಸಲ ನುಡಿಸಬೇಕು. ಆರು ನಿಮಿಷ ದಾಟಿದರೆ ಸ್ಪರ್ಧೆಯಿಂದ ಹೊರಗೆ. ಸ್ವರಲಿಪಿಯಲ್ಲಿ ತಿದ್ದುಪಡಿ ಇದ್ದರೆ ಮಧ್ಯಾಹ್ನ ಎರಡರೊಳಗೆ ಕಳಿಸಬೇಕು. ವಿಭಾಗದ ಆರು ಮಂದಿ ವಾದ್ಯಗಾರರು ಶುಕ್ರವಾರ ಯಾದಗಿರಿಯಲ್ಲಿ ಕಛೇರಿ ಮುಗಿಸಿದ್ದರಿಂದ, ಈಗ ಶಹಾಪುರದಲ್ಲಿ ಸಂಗೀತ ಶಿಕ್ಷಕನಾಗಿರುವ ಬುದ್ಧಪ್ರಿಯ ತನ್ನೂರಲ್ಲೇ ಒಂದು ಸಭಾಂಗಣ ಗೊತ್ತುಮಾಡಿದ್ದ. ಏಳನೆಯ ವಾದ್ಯ, ಮೊದಲ ವಯಲಿನ್, ಅವನದೇ.

ಕೃತಿ ಹುಟ್ಟಿದ್ದು ಭತ್ತ ನಾಟಿ ಮಾಡುವ ಹೆಂಗಸರ ಹಾಡಿನಿಂದ. ಹಾಡಿದ್ದವರು ಪರಿಮಳಾಳ ತಾಯಿ ಬಾಲಮ್ಮ, ಅವಳ ನಾಟಿ ಗುಂಪಿಗೆ ಮುಂದಾಳಾದ ಸುಗಲಮ್ಮ, ಇನ್ನಿಬ್ಬರು. ನಾಲ್ವರ ಹೆಸರೂ ಸ್ವರಲಿಪಿಯ ಮೊದಲ ಪುಟದಲ್ಲಿದ್ದವು. ಶನಿವಾರ ಬೆಳಿಗ್ಗೆ ಸುರಪುರದಲ್ಲಿ ಬಸ್ಸು ಬದಲಿಸಿ ಹತ್ತೂವರೆಗೆ ನಾಲ್ವರೂ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ನಾಟಿ ಮುಗಿದು ವಾರವಾಗಿತ್ತಷ್ಟೆ.

ಹನ್ನೊಂದಕ್ಕೆ ತಾಲೀಮು ಆಯಿತು. ಐದು ನಿಮಿಷ ನಲವತ್ತೆಂಟು ಸೆಕೆಂಡು, ಒಂದು ತಪ್ಪಿಲ್ಲ. ಆದರೂ ವಿಭಾಗದ ಮುಖ್ಯಸ್ಥ ಮರಿಲಿಂಗ ಸರ್ ಮುಖ ಅರಳಲಿಲ್ಲ. ಹಾಡಿನ ಭಾಗ ಶುರುವಾದೊಡನೆ ಎಲ್ಲರೂ ಯಾರೋ ಬೆನ್ನಟ್ಟಿದವರಂತೆ ಓಡುತ್ತಾರೆ, ಕಾರಣ ನನಗೂ ತಿಳಿಯುತ್ತಿಲ್ಲ ಎಂದರು. ಪರಿಮಳಾಳಿಗೂ ಹದಿನೈದು ದಿನದಿಂದ ಅದೇ ಕೊರೆಯುತ್ತಿತ್ತು. ಲಯ ತಗ್ಗಿಸಿ ನೋಡಿದ್ದಳು, ಹಾಡು ಜೋಲುಬಿದ್ದಿತ್ತು.

ಚೆನ್ನಾಗಿದೆ ಎನ್ನಿಸಿಕೊಳ್ಳುವ ಆಸೆಯಿಂದ ಅವಳು ಹೆಂಗಸರ ಬಳಿ ಹೋಗಿ ಕೇಳಿದಳು. ಸುಗಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಚಂದ ಅದ ತಂಗಿ. ಆದ್ರ ಹಿಂಗ ಹಾಡಿದ್ರ ಗದ್ದ್ಯಾಗ ಒಬ್ಬರ ಮ್ಯಾಲ ಒಬ್ಬರು ಬೀಳ್ತೀವಿ. ಕಾಲು ಎಲ್ಲಿ ಬಿಟ್ಟಿ?"

"ಯಾವ ಕಾಲು ಅತ್ತಿ?"

"ಹಿಂದಕ ಇಡೋ ಕಾಲು. ಸಾಲು ಹಚ್ಚಿದ ಮ್ಯಾಲ ಹಿಂದಕ ಸರೀಬೇಕಲ್ಲ. ಆವಾಗ ಯಾರು ಹಾಡ್ತಾರ?"

ಪರಿಮಳಾ ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು. ಹಾಡನ್ನು ಅವಳು ರೆಕಾರ್ಡ್ ಮಾಡಿದ್ದು ಡಿಸೆಂಬರ್‌ನಲ್ಲಿ, ಮನೆಯ ಕಟ್ಟೆಯ ಮೇಲೆ. ಗದ್ದೆಯಲ್ಲಿ ನೀರಿರಲಿಲ್ಲ, ಹೆಂಗಸರು ಕುಳಿತು ಹಾಡಿದ್ದರು. ಕುಳಿತವರಿಗೆ ಹೆಜ್ಜೆ ಬೇಕಿಲ್ಲ. ಎಂಟು ಮಾತ್ರೆಯ ಸಾಲು ಮುಗಿದೊಡನೆ ಮುಂದಿನದನ್ನು ಎತ್ತಿಕೊಂಡಿದ್ದರು. ಗದ್ದೆಯಲ್ಲಿ ಒಂಬತ್ತು. ಒಂಬತ್ತನೆಯದು ಕೆಸರಿನಿಂದ ಕಾಲು ಕೀಳುವ ಹೊತ್ತು. ಅದು ಅವಳಿಗೆ ತಿಳಿಯುವುದಾದರೂ ಹೇಗೆ? ಶಾಲೆಗೆ ಸೇರಿಸಿದ ದಿನದಿಂದ ಬಾಲಮ್ಮ ಮಗಳನ್ನು ಗದ್ದೆಗೆ ಇಳಿಸಿರಲಿಲ್ಲ. ರಜೆಯಲ್ಲಿ ಬುತ್ತಿ ತಂದರೂ ಬದುವಿನ ಮೇಲಿಟ್ಟು ಹಿಂದಿರುಗಬೇಕಿತ್ತು.

ಬಾಲಮ್ಮ ಎದ್ದು ನಿಂತಳು. ಸಭಾಂಗಣದ ನಡುವೆ ಬಾಗಿ, ಇಲ್ಲದ ಸಸಿಗಳನ್ನು ಎಡದಿಂದ ಬಲಕ್ಕೆ ಊರುತ್ತ ಒಂದು ಸಾಲು ಹಾಡಿದಳು, ಬಾಯಿ ಮುಚ್ಚಿ ಹಿಂದಕ್ಕೊಂದು ಹೆಜ್ಜೆ ಇಟ್ಟಳು, ಮತ್ತೆ ಹಾಡಿದಳು. ಮಗಳೂ ಪಕ್ಕದಲ್ಲಿ ಬಾಗಿದಳು. ನಾಲ್ಕನೆಯ ಸಾಲಿಗೆ ಇಬ್ಬರ ಹೆಜ್ಜೆಯೂ ಒಂದಾಯಿತು. ಹಲಗೆ ಬಾರಿಸುವವನು ಆ ಖಾಲಿ ಮಾತ್ರೆಗೆ ಒಂದು ಪೆಟ್ಟು ಕೊಟ್ಟು ನೋಡಿದ. ಅಲ್ಲಿ ಬಾರಿಸಬೇಡಪ್ಪ, ಅದು ನಮ್ಮ ಸೊಂಟಕ್ಕೆ ಬಿಡುವಿನ ಹೊತ್ತು ಎಂದು ಸುಗಲಮ್ಮ ತಡೆದಳು.

ಆಗ ಹನ್ನೊಂದೂ ಮುಕ್ಕಾಲು. ಪರಿಮಳಾ ಪೆನ್ಸಿಲು ಹಿಡಿದು ಲೆಕ್ಕ ಹಾಕಿದಳು. ಹಾಡಿನ ಸಾಲು ಇಪ್ಪತ್ತನಾಲ್ಕು, ಸಾಲಿಗೊಂದು ಮಾತ್ರೆ, ನಿಮಿಷಕ್ಕೆ ಎಪ್ಪತ್ತೆರಡು ಮಾತ್ರೆಯ ಲಯ: ಇಪ್ಪತ್ತು ಸೆಕೆಂಡು ಹೆಚ್ಚು. ಒಟ್ಟು ಆರು ನಿಮಿಷ ಎಂಟು ಸೆಕೆಂಡು. ಎಲ್ಲಾದರೂ ಕತ್ತರಿಸಲೇಬೇಕು. ಬಿಡಿಯಾಗಿ ತೆಗೆಯಬಹುದಾದದ್ದು ಒಂದೇ: ಆರಂಭದಲ್ಲಿ ವಯಲಿನ್ ಒಂಟಿಯಾಗಿ ನುಡಿಸುವ ಹದಿನಾರು ಮಾತ್ರೆ, ಸುಮಾರು ಹದಿಮೂರು ಸೆಕೆಂಡು. ಮೊದಲ ಸುತ್ತಿನ ತೀರ್ಪುಗಾರರು ಹೆಸರಿಸಿ ಹೊಗಳಿದ್ದು ಅದನ್ನೇ.

ಮರಿಲಿಂಗ ಸರ್ ತಮ್ಮ ಅಭಿಪ್ರಾಯ ಹೇಳಲು ಒಪ್ಪಲಿಲ್ಲ. ಮೊದಲಿನಂತೆ ನುಡಿಸಿದರೂ ತಪ್ಪಿಲ್ಲ, ಕೃತಿ ನಿನ್ನದು, ನಿರ್ಧಾರವೂ ನಿನ್ನದು ಎಂದಷ್ಟೇ ಹೇಳಿದರು.

ಅವಳು ಬುದ್ಧಪ್ರಿಯನ ಕಡೆ ನೋಡಿದಳು. "ಅಣ್ಣ, ನಿಂದು ತೆಗಿಯಾಕತ್ತೇನಿ."

"ತೆಗಿ. ಎರಡು ತಿಂಗಳಿಂದ ಅದನ್ನ ನುಡಿಸಿ ನುಡಿಸಿ ನನ್ನ ಹೆಂಡತಿಗೆ ಸಾಕಾಗ್ಯದ. ಆಕಿ ಆಶೀರ್ವಾದನೂ ನಿನಗ ಹತ್ತತದ."

ಆಮೇಲೆ ಯಾರೂ ಊಟದ ಮಾತೆತ್ತಲಿಲ್ಲ. ಏಳು ವಾದ್ಯಕ್ಕೆ ಏಳು ಪ್ರತಿ, ಪ್ರತಿಯೊಂದರಲ್ಲಿ ಇಪ್ಪತ್ತನಾಲ್ಕು ಕಡೆ ಗುರುತು. ಒಟ್ಟು ನೂರಾ ಅರವತ್ತೆಂಟು. ಅವರವರ ಪ್ರತಿ ಅವರವರೇ ತಿದ್ದಿಕೊಂಡರು, ಮರಿಲಿಂಗ ಸರ್ ಎಣಿಸಿ ನೋಡಿದರು. ಎರಡನೆಯ ಕೊಳಲಿನ ಪ್ರತಿಯಲ್ಲಿ ಒಂದು ಕಡಿಮೆ ಸಿಕ್ಕಿತು, ಸರಿಪಡಿಸಿದರು. ಪರಿಮಳಾ ಲ್ಯಾಪ್‌ಟಾಪಿನಲ್ಲಿ ಮೂಲ ತಿದ್ದಿ, ಈ ಹೆಜ್ಜೆ ಕಲಿಸಿದವರು ಮೊದಲ ಪುಟದ ನಾಲ್ವರೇ ಎಂದು ಅಡಿಯಲ್ಲಿ ಬರೆದು ಕಳಿಸಿದಾಗ ಒಂದು ಗಂಟೆ ಐವತ್ತೆರಡು ನಿಮಿಷ.

ಬರೆದದ್ದು ಒಂದು, ನುಡಿಸುವುದು ಇನ್ನೊಂದು. ಖಾಲಿ ಮಾತ್ರೆಯಲ್ಲಿ ಒಬ್ಬರಲ್ಲ ಒಬ್ಬರು ಮೊದಲೇ ನುಗ್ಗುತ್ತಿದ್ದರು. ಕೊನೆಗೆ ಬಾಲಮ್ಮ ಏಳೂ ಮಂದಿಯನ್ನು ವಾದ್ಯ ಬಿಡಿಸಿ ಸಾಲಾಗಿ ಬಾಗಿಸಿದಳು. ಹತ್ತು ನಿಮಿಷ ಸಭಾಂಗಣದಲ್ಲಿ ನಾಟಿಯೇ ನಡೆಯಿತು. ಚೆಲ್ಲೋದವನು ಎಡವಿ ತಬಲಾದವನ ಮೇಲೆ ಬಿದ್ದಾಗ, ಈ ಕೂಲಿಗಳನ್ನು ನಾನಂತೂ ಕರೆಯುವುದಿಲ್ಲ ಎಂದು ಸುಗಲಮ್ಮ ಸಾರಿದಳು. ಮೂರೂ ಇಪ್ಪತ್ತಕ್ಕೆ ಪೂರ್ತಿ ನುಡಿಸಿದರು. ಹಾಡು ನೆಲ ಹಿಡಿದು ನಿಂತಿತು. ಆದರೆ ಗಡಿಯಾರ ಆರು ನಿಮಿಷ ಮೂರು ಸೆಕೆಂಡು ತೋರಿಸಿತು. ಹೆಜ್ಜೆಯ ಖುಷಿಯಲ್ಲಿ ಎಲ್ಲರೂ ಒಂದಿಷ್ಟು ನಿಧಾನಿಸಿದ್ದರು. ಇನ್ನೊಮ್ಮೆ ನುಡಿಸಲು ಸಮಯವಿರಲಿಲ್ಲ. ದಿಲ್ಲಿಯವರ ತಾಂತ್ರಿಕ ಪರೀಕ್ಷೆ ಶುರುವಾಗಿತ್ತು.

ನಾಲ್ಕಕ್ಕೆ ಕರೆ ಬಂತು. ಪರಿಮಳಾ ವಾದ್ಯಗಾರರ ಎದುರು ನಿಂತು ಕೈ ಎತ್ತಿದಳು. ಹಾಡು ಬಂದಾಗ ಅವಳು ಒಂಬತ್ತನೆಯ ಮಾತ್ರೆಗೆ ಕೈ ಆಡಿಸಲಿಲ್ಲ. ತಾನೇ ಒಂದು ಹೆಜ್ಜೆ ಹಿಂದೆ ಸರಿದಳು. ಪ್ರತಿ ಸಾಲಿಗೂ ಸರಿದಳು, ಏಳೂ ಮಂದಿ ಅವಳ ಕಾಲನ್ನೇ ನೋಡಿ ನುಡಿಸಿದರು. ಹದಿನೆಂಟನೆಯ ಸಾಲಿಗೆ ಹಿಂಗಾಲಿಗೆ ಕುರ್ಚಿ ತಗುಲಿತು. ಮುಂದೆ ಕುಳಿತಿದ್ದ ಹೆಂಗಸರಲ್ಲಿ ಯಾರೋ ಸದ್ದಿಲ್ಲದೆ ಕುರ್ಚಿ ಎಳೆದರು. ಕೊನೆಯ ಸ್ವರ ಆರಿದ ಮೇಲೆ ಮರಿಲಿಂಗ ಸರ್ ಕೈಯಲ್ಲಿದ್ದ ಗಡಿಯಾರವನ್ನು ಅವಳತ್ತ ತಿರುಗಿಸಿದರು: ಐದು ನಿಮಿಷ ಐವತ್ತೇಳು ಸೆಕೆಂಡು.

ಫಲಿತಾಂಶ ಆರು ಗಂಟೆಗೆ. ಆರೂ ಕಾಲಿನ ಬಸ್ಸು ತಪ್ಪಿದರೆ ಸುರಪುರದಲ್ಲಿ ಮುಂದಿನ ಬಸ್ಸು ಸಿಗದೆಂದು ಹೆಂಗಸರು ಹೊರಟುಹೋಗಿದ್ದರು. ಆರೂ ಐದಕ್ಕೆ ಪರದೆಯ ಮೇಲೆ ಮುಖ್ಯ ತೀರ್ಪುಗಾರರು ಅವಳ ಹೆಸರು ಓದಿದಾಗ ಕೊಳಲಿನವರು ಅವಳನ್ನು ಎತ್ತಿಬಿಟ್ಟಿದ್ದರು. ಅವಳು ಬಿಡಿಸಿಕೊಂಡು ಬುದ್ಧಪ್ರಿಯನ ಬೈಕು ಹತ್ತಿದಳು. ಬಸ್ಸು ನಿಲ್ದಾಣದ ಬಾಗಿಲಿಗೆ ಬಂದಿತ್ತು. ಅವಳು ಓಡಿಹೋಗಿ ಕಿಟಕಿ ಬಡಿದಳು.

"ಅವ್ವಾ, ನಮ್ಮದೇ ಒಂದನೇದು. ಅತ್ತಿ, ನೀವೂ ದಿಲ್ಲಿಗೆ ಬರಬೇಕಂತ. ಆ ನಲವತ್ತು ಮಂದಿಗೆ ಹೆಜ್ಜಿ ಕಲಿಸಾಕ ಕರದಾರ."

ಬಾಲಮ್ಮ ಕಿಟಕಿಯಿಂದ ಕೈ ಚಾಚಿ ಮಗಳ ಕೆನ್ನೆ ಹಿಡಿದಳು. ಸುಗಲಮ್ಮ ಯಾವ ತಿಂಗಳು ಎಂದು ಕೇಳಿದಳು. ಜನವರಿಯಾದರೆ ಎರಡನೆಯ ಬೆಳೆಯ ನಾಟಿ ಇರುತ್ತದೆ, ದಿಲ್ಲಿಯವರೇ ಕಾಯಬೇಕಾಗುತ್ತದೆ ಎಂದಳು.

"ನವೆಂಬರ್ ಇಪ್ಪತ್ತೆರಡು, ಅತ್ತಿ."

ಸುಗಲಮ್ಮ ಬೆರಳು ಮಡಿಸಿದಳು. ಕಂಡಕ್ಟರ್ ಸೀಟಿ ಊದಿದ.

"ಕೊಯ್ಯಾಕ ಮಷೀನ್ ಬರ್ತದ," ಎಂದಳು. "ನಾವು ದಿಲ್ಲಿಗೆ ಬರ್ತೀವಂತ ಬರದು ಕಳಿಸು. ನಾಕೂ ಮಂದಿ."