ನೀರು ಹೊತ್ತವಳ ಹೆಸರು

ಪ್ರಕಾಶನದ ಕಚೇರಿಯಲ್ಲಿ ಅವಳಿಗೆ ‘ಪಿಸುಮಾತು’ ಎಂದು ಅಡ್ಡಹೆಸರು. ಕೂಸುಗಳಿಗೆ ಇಡುವ ಹೆಸರುಗಳ ಪುಸ್ತಕವನ್ನು ಮೂರು ವರ್ಷ ಕೂತು ಬರೆದವಳೂ ತಿದ್ದಿದವಳೂ ಅವಳೇ. ಆದರೂ ಅವಳ ದನಿ ಎಂಥದ್ದೆಂದು ಬಾಗಿಲಲ್ಲಿ ಕೂರುವ ಜವಾನನಿಗೂ ಗೊತ್ತಿರಲಿಲ್ಲ.

ಕೊನೆಯ ಕರಡು ಬಂದಾಗ ಅವಳು ಮೊದಲು ತೆರೆದದ್ದು ಅಜ್ಜಿಯ ಹೆಸರಿನ ಪುಟ. ಆ ಹೆಸರಿನ ಬೆನ್ನುಹತ್ತಿ ಹನ್ನೊಂದು ಭಾಷೆಗಳ ನಿಘಂಟು ಜಾಲಾಡಿದ್ದಳು. ಅದು ಹುಟ್ಟಿದ್ದು ಒಂದು ಬಂದರಿನಲ್ಲಿ, ಹಡಗುಗಳಿಗೆ ಕುಡಿಯುವ ನೀರು ಹೊರುತ್ತಿದ್ದ ಹೆಂಗಸರನ್ನು ಕೂಗುವ ಮಾತಾಗಿ. ಅವರನ್ನು ಹಡಗು ಹತ್ತಿಸಿ ಒಯ್ದವರ ಮನೆಗಳಲ್ಲಿ ಅವರು ದಾದಿಯರಾದರು. ಅವರ ಎದೆಹಾಲು ಕುಡಿದ ಮಕ್ಕಳು ಬೆಳೆದು ತಮ್ಮ ಹೆಣ್ಣುಮಕ್ಕಳಿಗೆ ಆ ಹೆಸರನ್ನೇ ಇಟ್ಟರು. ಒಂದು ಭಾಷೆಯಲ್ಲಿ ಅದರ ಬಾಲ ಉದುರಿತು, ಮತ್ತೊಂದರಲ್ಲಿ ಅದು ಅರಮನೆಯನ್ನೇ ಹೊಕ್ಕಿತು. ಇದನ್ನು ಕೇಳಿದ ಅಜ್ಜಿ, ಕಂಡವರ ಮನೆಗೆಲ್ಲ ಕೊಡ ಹೊತ್ತು ಬೋಳಾದ ತನ್ನ ನೆತ್ತಿಯನ್ನು ಮುಟ್ಟಿಕೊಂಡು, “ಅಚ್ಚಾದ ಮೇಲೆ ಇನ್ನೊಂದ್ಸಲ ಓದೇ,” ಎಂದಿದ್ದಳು.

ಪುಟದಲ್ಲಿ ಈಗಿದ್ದದ್ದು ಒಂದೇ ಸಾಲು: ‘ಪುರಾತನ ರಾಜಮನೆತನದ ಹೆಸರು. ಅರ್ಥ: ಮಹಾರಾಣಿ.’

ಅವಳು ಯಜಮಾನರ ಕೋಣೆಗೆ ಹೋದಳು. “ಸರ್, ಇದು ನಾನು ಬರೆದಿದ್ದಲ್ಲ.”

“ನಾನೇ ಬರೆದೆ ಕಣಮ್ಮ. ನೀರು ಹೊರೋಳ ಹೆಸರನ್ನ ಯಾರು ಮಗಳಿಗೆ ಇಡ್ತಾರೆ? ಸಹಿ ಹಾಕು, ಮಷೀನ್ ಕಾಯ್ತಿದೆ.”

ಅವಳ ಸಹಿ ಇಲ್ಲದ ಪುಟ ಅಚ್ಚಿಗೆ ಹೋಗಬಾರದೆಂಬ ನಿಯಮ ಮಾಡಿದವರು ಅವರೇ.

“ಅದು ನಮ್ಮಜ್ಜಿ ಹೆಸರು ಸರ್.”

“ಹೌದಾ? ಒಳ್ಳೇದೇ ಆಯ್ತು ಬಿಡು! ಪುಕ್ಕಟೆ ನಿಮ್ಮಜ್ಜೀನ ರಾಣಿ ಮಾಡ್ಬಿಟ್ಟೆ.”

ಹೊರಗೆ ಯಾರೋ ಕಿಸಕ್ಕೆಂದರು. ಪಿತ್ತ ನೆತ್ತಿಗೇರುವುದು ಎಂದರೇನೆಂದು ಅವಳಿಗೆ ಆಗ ತಿಳಿಯಿತು.

“ರಾಣಿ ಆಗಿದ್ರೆ ಅವಳ ನೆತ್ತಿ ಯಾಕೆ ಬೋಳಾಗಿದೆ ಸರ್? ಕಿರೀಟ ಹೊತ್ತಾ?”

ಆ ದನಿಗೆ ಜವಾನ ಎದ್ದೇ ನಿಂತ. ಸಹಿ ಹಾಕುವ ಜಾಗದಲ್ಲಿ ಅವಳು ಕೆಂಪು ಶಾಯಿಯಿಂದ ‘ಸುಳ್ಳು’ ಎಂದು ಬರೆದು, ಪುಟವನ್ನು ಅವರತ್ತ ತಳ್ಳಿದಳು.

“ನೀನಿಲ್ದಿದ್ರೆ ಇನ್ನೊಬ್ರು ಹಾಕ್ತಾರೆ!”

“ಹಾಕ್ಲಿ. ಇದನ್ನ ಓದ್ಕೊಂಡೇ ಹಾಕ್ಲಿ.”

ತನ್ನ ಕೈಬರಹದ ಹಾಳೆಗಳನ್ನು ಎತ್ತಿಕೊಂಡು ಹೊರಬಿದ್ದಳು. ಮನೆಯ ದಾರಿಯುದ್ದಕ್ಕೂ ಸಿಟ್ಟು ಇಳಿಯಲೇ ಇಲ್ಲ.

“ಅಚ್ಚಾಯ್ತೇನೇ?” ಅಜ್ಜಿ ಕೇಳಿದಳು.

“ಇಲ್ಲ!”

“ಅದಕ್ಯಾಕೆ ಹಾಗೆ ಕಿರಚ್ತೀಯ? ನಾನೇನು ಕಿವುಡೀನಾ?”

ಮೊಮ್ಮಗಳು ಬೀದಿಯ ಕಿಟಕಿಯನ್ನು ದಢಾರನೆ ತೆರೆದಳು. ಕಿಟಕಿಗೇ ಒರಗಿ ನಿಂತು, ಅಜ್ಜಿಯ ಹೆಸರಿನ ಹಾಳೆ ಬಿಡಿಸಿ, ಎದುರು ಮನೆಯವರಿಗೂ ಕೇಳಿಸುವ ಹಾಗೆ ಮೊದಲ ಸಾಲಿನಿಂದ ಓದತೊಡಗಿದಳು.