ಹಿಂದಕ್ಕೆ ನಾಲ್ಕು ಗೇರು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಭಾಮೈದ ತೀರಿಹೋದ ಭಾವನ ಉಗುರುಗಳನ್ನು ಉಜ್ಜುತ್ತಿದ್ದ. ಎಡಗೈ ಮುಗಿದಿತ್ತು. ಬಲಗೈ ಹೆಬ್ಬೆರಳಿನ ಸಂದಿಯಲ್ಲಿ ಕೂತ ಗ್ರೀಸು ಮಾತ್ರ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ.

“ಬಿಡೋ, ಅದು ಹೋಗಲ್ಲ,” ಎಂದಳು ಅಕ್ಕ. “ನಲವತ್ತು ವರ್ಷ ಉಜ್ಜಿ ಉಜ್ಜಿ ನಾನೇ ಸೋತಿದ್ದೀನಿ. ಅದನ್ನೂ ಕಟ್ಕೊಂಡು ಹೋಗ್ಲಿ.”

ಅಳುತ್ತಲೇ ನಕ್ಕಳು. ಭಾಮೈದನಿಗೆ ನಗು ಬರಲಿಲ್ಲ. ಭಾವನ ಗ್ಯಾರೇಜಿನವರೆಲ್ಲ ಅವನನ್ನು ಕರೆಯುತ್ತಿದ್ದುದೇ ಭಾಮೈದ ಎಂದು. ಅರವತ್ತು ದಾಟಿದರೂ ಆ ಹೆಸರು ಬಿಟ್ಟಿರಲಿಲ್ಲ. ಆದರೆ ಭಾವನಿಗೆ ಅಂಟಿದ ಹೆಸರಿನ ಮುಂದೆ ಅದೇನೂ ಅಲ್ಲ. ಊರಿಗೆಲ್ಲ ಅವರು ರಿವರ್ಸ್ ಮೇಸ್ತ್ರಿ.

ಮುಂದಿನ ಕೋಣೆಯಲ್ಲಿ ಆಗಲೇ ಆ ಕತೆ ಶುರುವಾಗಿತ್ತು. ಹೇಳುತ್ತಿದ್ದವಳು ಭಾಮೈದನ ಹೆಂಡತಿ. ಕತೆಯಲ್ಲಿ ಬರುವ ಕಾರು ಅವಳ ಅಪ್ಪನದೇ ಆದ್ದರಿಂದ ಅದನ್ನು ಹೇಳುವ ಹಕ್ಕೂ ಅವಳದೇ.

“ನಾನು ಪಕ್ಕದ ಸೀಟಲ್ಲೇ ಕೂತಿದ್ದೆ. ಅಪ್ಪ ಫಸ್ಟ್ ಗೇರ್ ಹಾಕಿದ್ರು, ಕ್ಲಚ್ ಬಿಟ್ರು. ಕಾರು ಹಿಂದಕ್ಕೆ! ಸೀದಾ ಹೋಗಿ ಟೈರ್ ರಾಶಿಗೆ! ಮುಂದಕ್ಕೆ ಒಂದೇ ಗೇರು, ಹಿಂದಕ್ಕೆ ನಾಲ್ಕು!”

ಗ್ಯಾರೇಜಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಮುದುಕ ನಗುತ್ತ ಕಣ್ಣೊರೆಸಿಕೊಂಡ. ನಿವೃತ್ತ ಬಸ್ ಡ್ರೈವರ್ ಹೊಟ್ಟೆ ಹಿಡಿದುಕೊಂಡ. ಸಾವಿನ ಮನೆಯಲ್ಲಿ ಇಷ್ಟು ನಗಿಸಬಲ್ಲವರು ಭಾವ ಒಬ್ಬರೇ, ಅದೂ ಬಾಯಿ ಮುಚ್ಚಿ ಮಲಗಿಕೊಂಡು.

“ಅಪ್ಪ ಆಮೇಲೂ ಹೇಳ್ತಿದ್ರು, ಭಾವ ಹೀಗಾದ್ರೂ ಹುಡುಗ ಹುಷಾರು, ಹೆಣ್ಣು ಕೊಡಬಹುದು ಅಂತ. ಇಲ್ದಿದ್ರೆ ಈ ಮನೆಗೆ ನಾನೆಲ್ಲಿ ಬರ್ತಿದ್ದೆ?”

ಮೂವತ್ತನಾಲ್ಕು ವರ್ಷಗಳಿಂದ ಭಾಮೈದ ಈ ಮಾತು ಕೇಳಿದ್ದಾನೆ. ಪ್ರತಿ ಸಲವೂ ಭಾವ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಇವತ್ತು ಮಣ್ಣಾಗುವ ಮುಂಚೆ ನಿಜ ಹೇಳದಿದ್ದರೆ ಸುಳ್ಳೇ ಉಳಿಯುತ್ತದೆ. ಹೇಳಿದರೆ ಹೆಂಡತಿ ಏನೆಂದಾಳೋ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

*

ಡಿಫರೆನ್ಷಿಯಲ್ ಎಂದರೆ ಇಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಪೆಟ್ಟಿಗೆ. ಅದರೊಳಗಿನ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ಪಿನಿಯನ್ ಎಂಬ ಸಣ್ಣದಕ್ಕೆ ಹೊಂದಿಸುವುದು ನಾಜೂಕಿನ ಕೆಲಸ. ಹಲ್ಲುಗಳಿಗೆ ಬಣ್ಣ ಸವರಿ, ಕೈಯಲ್ಲಿ ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ನೋಡಬೇಕು. ಅಂಚಿನಲ್ಲಿ ಅಳಿಸಿದ್ದರೆ ಬಿಚ್ಚಿ, ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆ ಸೇರಿಸಿ ಅಥವಾ ತೆಗೆದು, ಮತ್ತೆ ಮೊದಲಿಂದ.

ಹಲ್ಲಿನ ಡಾಕ್ಟರು ತಮ್ಮ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ತಂದು ನಿಲ್ಲಿಸಿದಾಗ ಅವರ ಮಗಳಿಗೂ ಭಾಮೈದನಿಗೂ ಮದುವೆಯ ಮಾತು ಅರ್ಧ ಆಗಿತ್ತು. “ನಾಳೆ ಮಾವ ಆಗೋರ ಕಾರು. ನಿನ್ನ ಕೈಯಲ್ಲೇ ಆಗ್ಲಿ,” ಎಂದರು ಭಾವ.

ಭಾಮೈದ ಹನ್ನೊಂದು ಸಲ ಬಿಚ್ಚಿ ಕೂರಿಸಿದ. ಕೊನೆಗೆ ಗುರುತು ಹಲ್ಲಿನ ನಟ್ಟನಡುವೆ ಬಂತು. ಅದನ್ನು ನೋಡಿ ಹಿಗ್ಗಿದವನಿಗೆ ಒಂದು ಮಾತ್ರ ಹೊಳೆಯಲಿಲ್ಲ: ಪಿನಿಯನ್ನಿನ ಎಡಕ್ಕಿರಬೇಕಾದ ಕ್ರೌನು ಬಲಕ್ಕೆ ಕೂತಿತ್ತು. ಆ ಮಾದರಿಯಲ್ಲಿ ಅದು ಎರಡೂ ಕಡೆ ಕೂರುತ್ತದೆ. ತಪ್ಪು ಕಡೆ ಕೂತರೆ ಚಕ್ರಗಳು ಉಲ್ಟಾ ತಿರುಗುತ್ತವೆ.

ಟೈರ್ ರಾಶಿಗೆ ಗುದ್ದಿದ ಕಾರಿನಿಂದ ಇಳಿದು ಬಂದ ಡಾಕ್ಟರು ಕೆಂಡವಾಗಿದ್ದರು.

“ಯಾರ್ರೀ ಮಾಡಿದ್ದು ಇದನ್ನ?”

ಭಾಮೈದ ಬಾಯಿ ತೆರೆಯುವಷ್ಟರಲ್ಲಿ ಭಾವ ಅವನ ಕಾಲು ತುಳಿದರು.

“ನಾನೇ ಡಾಕ್ಟ್ರೇ. ಕಣ್ಣಿಗೆ ಮಂಕು ಕವಿದಿತ್ತು.”

“ಹಲ್ಲು ಕೂರಿಸೋದನ್ನ ನನ್ನ ಹತ್ರ ಬಂದು ಕಲೀರಿ!”

“ಖಂಡಿತ ಬರ್ತೀನಿ,” ಎಂದು ಭಾವ ನಕ್ಕರು. ಡಾಕ್ಟರ ಮಗಳೂ ನಕ್ಕಳು.

ಆಮೇಲೆ ಕೆಲವರು ತಮ್ಮ ಕಾರುಗಳನ್ನು ಬೇರೆ ಗ್ಯಾರೇಜಿಗೆ ಒಯ್ದರು. ಭಾವ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆ ಸಂಜೆ ಭಾಮೈದ ಕಣ್ಣೀರು ಹಾಕಿದಾಗ ಅಂದದ್ದು ಇಷ್ಟೇ: “ಗುರುತು ನಟ್ಟನಡುವೆ ಬಂದಿತ್ತು ಕಣೋ. ಅಂಥದ್ದು ನನ್ನ ಕೈಯಲ್ಲೂ ಬಂದಿಲ್ಲ. ಬಾ, ಈಗ ಆ ಕಡೆಗೆ ಕೂರಿಸೋಣ.”

*

ಭಾಮೈದ ಎದ್ದು ಮುಂದಿನ ಕೋಣೆಗೆ ಬಂದ.

“ಅದು ಭಾವ ಮಾಡಿದ್ದಲ್ಲ,” ಎಂದ. “ಕ್ರೌನ್ ಉಲ್ಟಾ ಕೂರಿಸಿದ್ದು ನಾನು.”

“ಏನಂದ್ರಿ?” ಎಂದಳು ಹೆಂಡತಿ.

“ನಿಮ್ಮಪ್ಪ ಕೇಳಿದಾಗ ಭಾವ ತಮ್ಮ ಮೇಲೆ ಹಾಕ್ಕೊಂಡ್ರು, ಮದುವೆ ಮುರೀಬಾರ್ದು ಅಂತ. ನೀನು ನಗೋವಾಗೆಲ್ಲ ನಾನು ಸುಮ್ನಿದ್ದೆ. ನೀನು, ಮಕ್ಕಳು, ಮನೆ, ಎಲ್ಲಾ ಅವರು ಕೊಟ್ಟಿದ್ದು ನಂಗೆ.”

ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ ಅಂದಳು, “ಶೀತ ಆದ್ರೂ ಬೀದಿಗೆಲ್ಲ ಡಂಗುರ ಹೊಡೀತಿದ್ದ ಮನುಷ್ಯ. ಇದನ್ನ ನನಗೂ ಹೇಳಿಲ್ಲ ನೋಡು.” ಅವಳ ಮುಖದಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಹೆಂಡತಿ ಗಂಡನನ್ನು ದಿಟ್ಟಿಸಿ ನೋಡಿದಳು. ಭಾಮೈದ ತಲೆ ತಗ್ಗಿಸಿದ.

ಹೊತ್ತಾಯಿತೆಂದು ಲೇತ್ ಮುದುಕ ಎದ್ದ. ಶವಪೆಟ್ಟಿಗೆಯ ಮುಚ್ಚಳ ಹಾಕಿದರು. ಹೊರಲು ಮುದುಕ, ಡ್ರೈವರ್, ಭಾಮೈದ ನಿಂತರು. ನಾಲ್ಕನೆಯವನಾಗಿ ಬರಬೇಕಿದ್ದ ಪಕ್ಕದ ಮನೆಯವನನ್ನು ಸರಿಸಿ, ಕೈಚೀಲವನ್ನು ಅಕ್ಕನಿಗೆ ಕೊಟ್ಟು, ಹೆಂಡತಿ ಮುಂದಿನ ಎಡಮೂಲೆಗೆ ಬಂದು ನಿಂತಳು.

“ನೀವ್ಯಾಕಮ್ಮ? ಭಾರ ಇದೆ,” ಎಂದ ಡ್ರೈವರ್.

“ಇರ್ಲಿ. ನನ್ನ ಮದುವೆ ಮಾಡಿಸಿದ ಅಣ್ಣ. ಇಷ್ಟು ವರ್ಷ ನಕ್ಕಿದ್ದೀನಿ, ಇಷ್ಟು ದೂರ ಹೊರ್ತೀನಿ.” ಗಂಡನ ಕಡೆ ತಿರುಗಿ, “ನೀವು ನನ್ನ ಹಿಂದೆ ಹಿಡ್ಕೊಳ್ಳಿ,” ಎಂದಳು.

ಎತ್ತಿದಾಗ ಪೆಟ್ಟಿಗೆ ಅವಳ ಮೂಲೆಗೆ ವಾಲಿತು. ಮೂವರೂ ಉದ್ದನೆಯ ಆಳುಗಳು. ಅವಳ ತಲೆ ಗಂಡನ ಹೆಗಲಿನವರೆಗೂ ಬರುವುದಿಲ್ಲ. ಲೇತ್ ಮುದುಕ ತನ್ನ ನೋಯುವ ಮಂಡಿ ಬಗ್ಗಿಸಿದ. ಡ್ರೈವರ್ ಬಗ್ಗಿಸಿದ. ಭಾಮೈದನೂ ಬಗ್ಗಿಸಿದ. ಪೆಟ್ಟಿಗೆ ಸಮಕ್ಕೆ ಬಂತು. ಬೀದಿಯ ತುದಿಯವರೆಗೂ ಮೂರು ಎತ್ತರದ ಗಂಡಸರು ಆ ಪುಟ್ಟ ಹೆಂಗಸಿನ ಹೆಗಲಿನ ಮಟ್ಟಕ್ಕೆ ಕುಗ್ಗಿಕೊಂಡೇ ನಡೆದರು.