ಇಪ್ಪತ್ತೊಂಬತ್ತು ಇಂಚಿನ ದಾನ

ಸಮುದಾಯ ಭವನದ ವೇದಿಕೆಯ ಮೇಲೆ ಹೊಸ ಸೈಕಲ್ಲಿಗೆ ಮದುಮಗನ ಅಲಂಕಾರವಾಗಿತ್ತು. ಹ್ಯಾಂಡಲ್‌ಗೆ ಸೇವಂತಿಗೆ ಹಾರ, ಸೀಟಿಗೆ ವಿಭೂತಿಯ ಮೂರು ಪಟ್ಟೆ, ಎರಡೂ ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಅಜ್ಜಂಪುರದ ಜನ ಅದನ್ನು ನೋಡಿ ತಲೆದೂಗುತ್ತಿದ್ದರು. ಮೊದಲ ಸಾಲಿನಲ್ಲಿ ಕೂತಿದ್ದ ಗಾನವಿಗೆ ಮಾತ್ರ ಅಷ್ಟು ದೂರದಿಂದಲೇ ಚಕ್ರದ ಅಳತೆ ಗೊತ್ತಾಗಿ ಮೈಯೆಲ್ಲ ಉರಿದುಹೋಯಿತು. ಅವಳು ಕೇಳಿದ್ದು ಈ ಸೈಕಲ್ಲನ್ನಲ್ಲ.

ಬಾಯಿಮಾತಿನಲ್ಲಿ ಕೇಳಿದ್ದರೆ ಮರೆತರು ಅನ್ನಬಹುದಿತ್ತು. ನೋಟ್ ಪುಸ್ತಕದ ಹಾಳೆ ಹರಿದು, ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟಿದ್ದಳು: ಚಕ್ರ ಇಪ್ಪತ್ತೇಳೂವರೆ ಇಂಚು, ಫ್ರೇಮ್ ಸ್ಮಾಲ್. ಅವಳ ಎತ್ತರ ನಾಲ್ಕು ಅಡಿ ಹತ್ತು ಇಂಚು. ಗುಡ್ಡ ಹತ್ತುವ ಸೈಕಲ್ಲಿಗೆ ಈಗ ಎಲ್ಲರೂ ಇಪ್ಪತ್ತೊಂಬತ್ತರ ಚಕ್ರವನ್ನೇ ಹೊಗಳುತ್ತಾರೆ. ಸುಳ್ಳೇನಲ್ಲ. ದೊಡ್ಡ ಚಕ್ರ ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ, ನೇರ ದಾರಿಯಲ್ಲಿ ಓಡುತ್ತದೆ. ಆದರೆ ಗಾನವಿಯಂಥ ಗಿಡ್ಡ ಹುಡುಗಿ ಅದನ್ನೇರಿ ಇಳಿಜಾರಿನಲ್ಲಿ ಮೈ ಹಿಂದಕ್ಕೆ ಹಾಕಿದರೆ ಹಿಂದಿನ ಟೈರು ಕುಂಡೆಗೇ ಉಜ್ಜುತ್ತದೆ. ಇಕ್ಕಟ್ಟಿನ ತಿರುವಿನಲ್ಲಿ ಮುಂದಿನ ಚಕ್ರ ಹೇಳಿದ ಮಾತು ಕೇಳುವುದಿಲ್ಲ. ಇದನ್ನು ಅವಳು ಯಾವ ಮೊಬೈಲಿನಲ್ಲೂ ನೋಡಿ ಕಲಿತದ್ದಲ್ಲ. ತರೀಕೆರೆಯ ಅನಿತಾ ಮೇಡಂ ನಡೆಸಿದ ಶಿಬಿರದಲ್ಲಿ ಎರಡೂ ಅಳತೆಯ ಸೈಕಲ್ ಹತ್ತಿ, ಬಿದ್ದು, ಮೊಣಕೈ ತರಚಿಸಿಕೊಂಡು ಕಲಿತದ್ದು.

ದಾನಿ ಷಡಕ್ಷರಿ ಮೈಕಿನ ಮುಂದೆ ಬಂದರು. ಈರುಳ್ಳಿ ಮಂಡಿಯ ಸಾವ್ಕಾರರು, ಕೊಡುಗೈಯವರು. ಊರಿನಲ್ಲಿ ಅವರ ಹೆಸರಿಲ್ಲದ ಫ್ಯಾನು, ಬೆಂಚು, ಟ್ಯೂಬ್‌ಲೈಟು ಹುಡುಕುವುದು ಕಷ್ಟ. ದೇವಸ್ಥಾನದ ಟ್ಯೂಬ್‌ಲೈಟಿನಲ್ಲಂತೂ ಅವರ ಹೆಸರು ಆಕ್ರಮಿಸಿಕೊಂಡು ಮಿಕ್ಕ ಜಾಗದಿಂದಲೇ ಬೆಳಕು ಬರಬೇಕು.

"ನಮ್ಮ ತೀರ್ಥಪ್ಪನ ಮಗಳು ಚೀಟಿ ಕೊಟ್ಟಿದ್ಲು. ಇಪ್ಪತ್ತೇಳೂವರೆ ಅಂತ ಬರೆದಿದ್ಲು," ಎಂದು ಅವರು ನಕ್ಕರು. "ಮಗು, ತಿಳೀದು. ದಾನ ಅನ್ನೋದು ಅರೆಬರೆ ಕೊಡಬಾರ್ದು ಕಣ್ರಪ್ಪ. ನಮ್ಮ ತಾತನ ಕಾಲದಿಂದ ನಮ್ಮನೇಲಿ ಅರ್ಧ ಸೇರು, ಅರ್ಧ ಗಜ ಅಂತ ಯಾರಿಗೂ ಕೊಟ್ಟಿಲ್ಲ. ಅಂಗಡಿಯೋನಿಗೆ ಇಪ್ಪತ್ತೆಂಟು ಕೊಡಪ್ಪ ಅಂದೆ, ಆ ಸೈಜು ಬರಲ್ಲ ಅಂದ. ಸರಿ, ಇಪ್ಪತ್ತೊಂಬತ್ತೇ ಹಾಕು ಅಂದೆ. ಬೆಳೆಯೋ ಹುಡುಗಿ, ಮುಂದಕ್ಕೂ ಆಯ್ತದೆ."

ಚಪ್ಪಾಳೆಯೋ ಚಪ್ಪಾಳೆ. ಗಾನವಿ ಪಕ್ಕದಲ್ಲಿದ್ದ ಅಪ್ಪನ ಕಡೆ ವಾಲಿ, "ಅಪ್ಪ, ಇದು ನಂಗಾಗಲ್ಲ, ಈಗ್ಲೇ ಹೇಳ್ಬಿಡು," ಎಂದಳು. ತೀರ್ಥಪ್ಪ ಮುಖದ ನಗು ಕೆಡಿಸದೆ ಅವಳ ತೋಳು ಚಿವುಟಿದ. ಅವಳು ವೇದಿಕೆ ಹತ್ತಿದಳು, ಕಾಲಿಗೆ ಬಿದ್ದಳು, ಫೋಟೋಗೆ ನಿಂತಳು. ಆಮೇಲೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಕೋಪ ಬಂದದ್ದು ಆ ಫೋಟೋದಲ್ಲಿ ಹಲ್ಲು ಬಿಟ್ಟು ನಿಂತಿದ್ದ ತನ್ನ ಮೇಲೆಯೇ.

ಸೈಕಲ್ ಓಟಕ್ಕೆ ಇನ್ನು ಮೂರೇ ವಾರ. ತರೀಕೆರೆಯಾಚೆಯ ಗುಡ್ಡದಲ್ಲಿ ಹದಿನೆಂಟರ ಒಳಗಿನ ಹುಡುಗಿಯರ ಆಯ್ಕೆ. ಮೊದಲ ಇಬ್ಬರು ಜಿಲ್ಲೆಯ ತಂಡ ಸೇರುತ್ತಾರೆ. ಗಾನವಿಗೆ ಹದಿನೇಳು ತುಂಬಿ ತಿಂಗಳುಗಳೇ ಕಳೆದಿದ್ದವು. ಈ ವರ್ಷ ತಪ್ಪಿದರೆ ಆ ತಂಡ ಅವಳ ಪಾಲಿಗೆ ಮುಗಿದಂತೆ.

ಮಾರನೆಯ ದಿನವೇ ಬೀರೂರಿನ ಮೇಲೆ ಹಾದು ಬಸ್ಸಿನಲ್ಲಿ ಕಡೂರಿಗೆ ಹೋದಳು. ಸಾವ್ಕಾರರು ಕೊಂಡಿದ್ದ ಸೈಕಲ್ ಅಂಗಡಿಯ ಪರಮೇಶ್ ಅವಳ ಮಾತು ಕೇಳಿ, "ವಾರದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀನಮ್ಮ, ಅದಕ್ಕೇನು. ಫೋಟೋ ತೋರ್ಸು," ಎಂದ. ಫೋಟೋ ನೋಡಿ ನಾಲಿಗೆ ಕಚ್ಚಿಕೊಂಡ. ಕೆಂಪು ಫ್ರೇಮಿನ ಉದ್ದಕ್ಕೂ ಹಳದಿ ಬಣ್ಣದಲ್ಲಿ ಬರೆಸಿದ್ದರು: 'ದಾನಿಗಳು: ಷಡಕ್ಷರಿ ಮತ್ತು ಮಕ್ಕಳು, ಈರುಳ್ಳಿ ಮಂಡಿ, ಅಜ್ಜಂಪುರ.'

"ಹೆಸರು ಬರೆಸಿದ ಮೇಲೆ ಹೊಸದು ಅಂತ ಯಾರಿಗೆ ಮಾರ್ಲಿ? ಚೀಟೀಲಿರೋದೇ ತಗೊಳ್ಳಿ ಅಂತ ನಾನೂ ಸಾವ್ಕಾರ್ರಿಗೆ ಹೇಳ್ದೆ ಕಣಮ್ಮ."

"ಹೇಳಿದ್ರಿ, ಆಮೇಲೆ ಮಾರಿದ್ರಿ," ಎಂದು ಗಾನವಿ ಅಂಗಡಿಯ ಮೆಟ್ಟಿಲಿಳಿದಳು.

ಹೋಗಲಿ, ಅನಿತಾ ಮೇಡಂ ಎರವಲು ಕೊಟ್ಟಿದ್ದ ಹಳೆಯ ಇಪ್ಪತ್ತೇಳೂವರೆ ಇದೆಯಲ್ಲ, ಅದರಲ್ಲೇ ಓಡುತ್ತೇನೆ ಎಂದುಕೊಂಡು ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಅದಿಲ್ಲ. ತೀರ್ಥಪ್ಪ ಬೆಳಿಗ್ಗೆಯೇ ಅದನ್ನು ತೊಳೆದು, ಎಲೆ ಅಡಿಕೆ, ತೆಂಗಿನಕಾಯಿ ಸಮೇತ ಲಗೇಜ್ ಆಟೋ ಹತ್ತಿಸಿ ತರೀಕೆರೆಗೆ ವಾಪಸ್ ಕಳಿಸಿಬಿಟ್ಟಿದ್ದ.

"ನನ್ನ ಕೇಳ್ದೆ ಯಾಕೆ ಕಳಿಸ್ದೆ?"

"ಎರಡೆರಡು ಯಾಕವ್ವ? ಹೊಸದು ಬಂದ ಮೇಲೂ ಇನ್ನೊಬ್ರ ಸೈಕಲ್ ಇಟ್ಕೊಂಡಿದ್ರೆ ಸಾವ್ಕಾರ್ರು ಏನಂದ್ಕೋತಾರೆ?"

ಒಲೆಯ ಮುಂದಿದ್ದ ಅಮ್ಮ ಕೋಮಲಾ ಅಲ್ಲಿಂದಲೇ ಗಾದೆ ಎಸೆದಳು. "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಲಂತೆ. ಸುಮ್ನಿರೇ."

"ಮೊಳ ಹಾಕ್ದೆ ಉಟ್ರೆ ಬೀದೀಲಿ ಬಿಚ್ಚಿ ಹೋಯ್ತದೆ ಕಣಮ್ಮ," ಎಂದಳು ಗಾನವಿ. ಆಮೇಲೆ ಅಪ್ಪನ ಕಡೆ ತಿರುಗಿದಳು. "ಎತ್ತು ಕಟ್ಟಿದೋನು ನೀನು. ಅಮೃತಮಹಲ್ ಜೋಡಿ ತಂದಾಗ ಹಳೇ ನೊಗ ಒಂದು ದಿನಾನೂ ಹೂಡಲಿಲ್ಲ, ಕತ್ತು ಕೆಡ್ತದೆ ಅಂತ ಅಳತೆ ಕೊಟ್ಟು ಹೊಸದು ಮಾಡಿಸ್ದೆ. ಎತ್ತಿನ ಕತ್ತಿಗಿರೋ ಬೆಲೆ ಮಗಳ ಮೈಗೆ ಇಲ್ವೇನಪ್ಪ?"

ತೀರ್ಥಪ್ಪನಿಗೆ ಮಾತು ನಾಟಿತು. ನಾಟಿದ್ದಕ್ಕೇ ರೇಗಿದ. "ನಾಳೆ ಈರುಳ್ಳಿ ಹಾಕೋಕೆ ಅವರ ಮಂಡಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ದೊಡ್ಡೋರು ತುಂಬಿದ ಸಭೇಲಿ ಕೊಟ್ಟಿದ್ದು. ಅದ್ರಲ್ಲೇ ಓಡ್ಬೇಕು, ಅಷ್ಟೆ."

ಅನಿತಾ ಮೇಡಂಗೆ ಫೋನ್ ಮಾಡಿದರೆ ಅಲ್ಲಿ ಇನ್ನೊಂದು ಬಗೆಯ ಬಿಗುಮಾನ. "ನಿಮ್ಮಪ್ಪ ಎಲೆ ಅಡಿಕೆ ಇಟ್ಟು ವಾಪಸ್ ಮಾಡಿದಾರೆ ಗಾನವಿ. ನಾನಾಗಿ ಮತ್ತೆ ಕಳಿಸಿದ್ರೆ ಅವರಿಗೆ ಅವಮಾನ ಮಾಡಿದಂಗೆ. ಓಟದ ದಿನ ಆ ಸೈಕಲ್ ನನ್ನ ವ್ಯಾನಲ್ಲಿರುತ್ತೆ. ಬೇಕಾದ್ರೆ ಎಲ್ಲರೆದುರು ನೀನೇ ಬಂದು ಕೇಳು."

ದೊಡ್ಡವರ ಮಾನ ಮರ್ಯಾದೆಯ ಲೆಕ್ಕದಲ್ಲಿ ಎಲ್ಲರೂ ಸರಿಯಾಗಿದ್ದರು. ತುಳಿಯಬೇಕಾದವಳು ಒಬ್ಬಳೇ ತಪ್ಪು. ಮೂರು ವಾರ ಗಾನವಿ ಆ ಇಪ್ಪತ್ತೊಂಬತ್ತನ್ನು ಪಳಗಿಸಲು ನೋಡಿದಳು. ಸೀಟು ಕೊನೆಯವರೆಗೂ ಇಳಿಸಿದಳು. ಮುಂದಿನ ಚಕ್ರ ತಿರುಗಲು ಜಾಗ ಬೇಕೆಂದು ಪ್ರತಿ ತಿರುವಿನಲ್ಲೂ ಹೊರಗಿನಿಂದ ಅಗಲವಾಗಿ ಬಳಸಿ ಬರುವುದನ್ನು ಕೈಗೆ ಕಲಿಸಿದಳು. ನಾಲ್ಕು ಸಲ ಬಿದ್ದಳು. ಮೊಣಕಾಲಿಗೆ ಅರಿಶಿನ ಒತ್ತುತ್ತ ಕೋಮಲಾ, "ನಿಧಾನಕ್ಕೆ ತುಳಿಯೇ," ಎಂದರೆ, ನಿಧಾನಕ್ಕೆ ತುಳಿದು ಯಾರು ಗೆಲ್ಲುತ್ತಾರೆಂದು ಅವಳು ಅಮ್ಮನ ಮೇಲೂ ಹರಿಹಾಯ್ದಳು.

ಓಟದ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಹನ್ನೊಂದು ಹುಡುಗಿಯರು ಸೇರಿದ್ದರು. ಷಡಕ್ಷರಿ ಜೀಪಿನಲ್ಲಿ ಫೋಟೋದವನನ್ನೂ ಕರೆತಂದಿದ್ದರು. ಅವರ ಪಕ್ಕ ತೀರ್ಥಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಸುರಕ್ಷತೆ ನೋಡುವ ಅಧಿಕಾರಿ ಪ್ರತಿಯೊಬ್ಬಳನ್ನೂ ಸೈಕಲ್ಲಿನ ಎರಡೂ ಕಡೆ ಕಾಲು ಹಾಕಿ ನಿಲ್ಲಿಸುತ್ತ ಬಂದವರು ಗಾನವಿಯ ಮುಂದೆ ನಿಂತರು. ಅವಳು ಕಾಲ್ಬೆರಳ ತುದಿಯಲ್ಲಿ ನಿಂತಿದ್ದಳು.

"ಇದು ನಿನ್ನ ಸೈಕಲ್ಲೇನಮ್ಮ?"

"ನಂದಲ್ಲ ಸಾರ್. ಹೆಸರಿದೆಯಲ್ಲ, ಓದಿ."

ಅಷ್ಟು ಹೇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಸೈಕಲ್ಲನ್ನು ಷಡಕ್ಷರಿಯವರ ಮುಂದೆ ತಂದು ಸ್ಟ್ಯಾಂಡಿಲ್ಲದ ಅದನ್ನು ಅವರ ಕೈಗೇ ಹಿಡಿಸಿದಳು. "ದೊಡ್ಡಪ್ಪ, ನಾನು ಬೆಳೆಯೋದು ಮುಗೀತು. ನನ್ನೆತ್ತರ ಇಷ್ಟೇ," ಎಂದು ನೆಟ್ಟಗೆ ಅನಿತಾ ಮೇಡಂ ವ್ಯಾನಿನ ಕಡೆ ನಡೆದಳು. ಹಿಂದಿನಿಂದ ತೀರ್ಥಪ್ಪ, "ಲೇ ಗಾನವಿ, ಮಾನ ತೆಗೀಬೇಡ ಕಣೇ," ಎಂದದ್ದು ಎಲ್ಲರಿಗೂ ಕೇಳಿಸಿತು. ಅವಳು ತಿರುಗಲಿಲ್ಲ. ಎಲ್ಲರೆದುರು ಕೇಳಿದಳು, ಮೇಡಂ ಎಲ್ಲರೆದುರು ಕೊಟ್ಟರು.

ಗುಡ್ಡವನ್ನು ಮೂರು ಸುತ್ತು ಬರಬೇಕು. ಹಳೆಯ ಸೈಕಲ್ ಮೈಗೆ ಅಂಟಿಕೊಂಡಂತಿತ್ತು. ಏರಿನಲ್ಲಿ ಐದು ಜನರನ್ನು ದಾಟಿದಳು, ಎರಡನೆಯ ಸುತ್ತು ಮುಗಿಯುವಾಗ ಎರಡನೆಯವಳಾಗಿದ್ದಳು. ಕೊನೆಯ ಇಳಿಜಾರಿನ ಕೊನೆಯ ತಿರುವಿನಲ್ಲಿ ಅವಳ ಕೈ ತಾನಾಗಿಯೇ ಹ್ಯಾಂಡಲ್ಲನ್ನು ಹೊರಕ್ಕೆ ಎಳೆಯಿತು. ಈ ಸೈಕಲ್ಲಿಗೆ ಆ ಅಗಲ ಬೇಕಿರಲೇ ಇಲ್ಲ. ಮೂರು ವಾರ ಬೇರೆ ಚಕ್ರಕ್ಕೆ ಒಗ್ಗಿದ್ದ ಕೈ. ಒಳಗೆ ಬಿಟ್ಟ ಜಾಗದಲ್ಲಿ ಸಖರಾಯಪಟ್ಟಣದ ಹುಡುಗಿಯೊಬ್ಬಳು ನುಗ್ಗಿ ಹೋದಳು. ಗಾನವಿ ಒಂದು ಸೈಕಲ್ಲಿನಷ್ಟು ಅಂತರದಲ್ಲಿ ಮೂರನೆಯವಳಾದಳು.

ಅವಳು ನೆಲದ ಮೇಲೆ ಕೂತು ಶೂ ಬಿಚ್ಚುತ್ತಿದ್ದಾಗ ಷಡಕ್ಷರಿ ಸುತ್ತಲಿದ್ದವರಿಗೆ ಹೇಳುತ್ತಿದ್ದರು. "ಕೊಟ್ಟಿದ್ದನ್ನ ಬಿಟ್ಟು ಹೋದ್ಲು, ಶಿವ ಮೆಚ್ಚಲಿಲ್ಲ. ಇದ್ರಲ್ಲೇ ಓಡಿದ್ರೆ ಗೆದ್ದು ಬತ್ತಿದ್ಲು."

ಗಾನವಿ ಬರಿಗಾಲಲ್ಲೇ ಎದ್ದಳು. ಅವಳು ಬಾಯಿ ತೆರೆಯುವ ಮೊದಲೇ ತೀರ್ಥಪ್ಪನ ದನಿ ಎದ್ದಿತು.

"ಸಾಕು ಸುಮ್ನಿರಿ ಸಾವ್ಕಾರ್ರೇ. ಮೂರು ವಾರ ನಿಮ್ಮ ಸೈಕಲ್ಲು ಹತ್ತಿದ್ದಕ್ಕೇ ಅವಳು ಸೋತಿದ್ದು. ಸರಿ ಇದ್ದ ಸೈಕಲ್ ವಾಪಸ್ ಕಳಿಸ್ದೋನು ನಾನು. ನಮ್ಮಿಬ್ರ ಮರ್ಯಾದೆಗೆ ನನ್ನ ಮಗಳು ಬಲಿಯಾದ್ಲು. ಇದನ್ನ ನೀವೇ ತಗೊಂಡು ಹೋಗಿ."

ಮೂರು ವಾರದ ಹಿಂದೆ ಮೈಕಿನ ಮುಂದೆ ನಕ್ಕಿದ್ದ ಷಡಕ್ಷರಿ ಈಗ ಸೈಕಲ್ ಹಿಡಿದುಕೊಂಡೇ ನಿಂತರು. ಯಾರೂ ಅವರ ಕೈಯಿಂದ ಅದನ್ನು ಇಸಿದುಕೊಳ್ಳಲಿಲ್ಲ.

ತೀರ್ಥಪ್ಪ ಮಗಳ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. "ಹೇಳ್ದೆ ಕಣವ್ವ. ಎಲ್ಲರೆದುರೂ ಹೇಳ್ದೆ," ಎಂದ. ಇಷ್ಟಕ್ಕೆ ಅವಳು ಕರಗುತ್ತಾಳೆಂದು ಪಾಪ ಅವನು ನಂಬಿದ್ದ.

ಗಾನವಿ ಅಪ್ಪನ ಮುಖ ನೋಡಿದಳು. ಬೆನ್ನ ಹಿಂದೆ ಆಯ್ಕೆಯಾದ ಇಬ್ಬರ ಹೆಸರನ್ನು ಕೂಗುತ್ತಿದ್ದರು.

"ಅವತ್ತು ನನ್ನ ತೋಳು ಚಿವುಟಿದ್ಯಲ್ಲಪ್ಪ," ಎಂದಳು. "ಇದನ್ನ ಅವತ್ತು ಹೇಳಿದ್ರೆ ಈಗ ನನ್ನ ಹೆಸರು ಕೂಗ್ತಿದ್ರು."